ಪಾಳಾದ ಅಜ್ಜ ಕೇಳಿದ: "ಹ್ವಾದ ಸಲದ ಫೋಟಾ ಎಲ್ಲೈತಿ?"

ಬಸ್ಸಿನಿಂದ ಇಳಿದು ಇನ್ನೂ ಬ್ಯಾಗು ಹೆಗಲಿಗೇರಿಸಿರಲಿಲ್ಲ. ಎದುರಿನ ಚಹಾದಂಗಡಿ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬಿಳಿ ಮೀಸೆ, ತಲೆಗೆ ಸುತ್ತಿದ ಟವೆಲ್ಲು, ಹೆಗಲ ಮೇಲೆ ಕಂಬಳಿ, ಮುಖದ ತುಂಬ ನೇಗಿಲು ಹೊಡೆದ ಹೊಲದಂಥ ಗೆರೆಗಳು. ಕ್ಯಾಮೆರಾ ಹಿಡಿದವನಿಗೆ ಇನ್ನೇನು ಬೇಕು ಹೇಳಿ? ನನ್ನ ಕೈ ತಾನಾಗಿಯೇ ಬ್ಯಾಗಿನ ಜಿಪ್ಪಿನ ಕಡೆ ಹೋಯಿತು.

ಅಜ್ಜ ಅಂಗೈ ಅಡ್ಡ ಹಿಡಿದ.

"ತಮ್ಮಾ, ಈಗ ಹೊಡಿಯೂದು ಇರ್ಲಿ. ಹ್ವಾದ ಸಲ ಹೊಡದಿದ್ದೆಲ್ಲ, ಆ ಫೋಟಾ ಎಲ್ಲೈತಿ?"

ಓದುಗ ಮಿತ್ರರೇ, ಆ ಕ್ಷಣ ನಾನು ಬೆವತು ಹೋದೆ. ಮುಖ ಮರೆತಿದ್ದವನು ನಾನು, ಅಜ್ಜ ಮರೆತಿರಲಿಲ್ಲ!

ಇದು ಉತ್ತರ ಕನ್ನಡ ಜಿಲ್ಲೆ ಮುಂಡಗೋಡ ತಾಲೂಕಿನ ಪಾಳಾ ಎಂಬ ಊರಿನಲ್ಲಿ ನಡೆದ ಮಾತು. ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ. ಒಂದು ಕಡೆ ಶಿರಸಿಯ ಕಾಡು, ಇನ್ನೊಂದು ಕಡೆ ಹಾನಗಲ್ಲ ಸೀಮೆಯ ಹೊಲ. ಭತ್ತ, ಗೋವಿನಜೋಳ, ನಡುವೆ ಕೆರೆ. ಮಾತು ಮಾತ್ರ ಅಪ್ಪಟ ಹುಬ್ಬಳ್ಳಿ ಕಡೆಯದು. ಸಿನಿಮಾದವರ ಭಾಷೆಯಲ್ಲಿ ಹೇಳಬೇಕೆಂದರೆ ಒಳ್ಳೇ 'ಲೊಕೇಶನ್ನು'!

ಮುಖ ಬೇಟೆ

ಎರಡು ವರ್ಷದ ಹಿಂದಿನ ಕಥೆ. ಒಂದು ಚಿತ್ರತಂಡ ಈ ಕಡೆ ಲೊಕೇಶನ್ ನೋಡಲು ಹೊರಟಿತ್ತು. ಹೆಸರು ಬೇಡ. ಆ ಚಿತ್ರ ಸೆಟ್ಟೇರಲೇ ಇಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು, ಸಿನಿಮಾ ಪುಟಗಳಿಗೆ ಬರೆದುಕೊಂಡು, ಮದುವೆ ಮನೆ ಫೋಟೋ ಹೊಡೆದುಕೊಂಡು ಓಡಾಡುತ್ತಿದ್ದ ನನ್ನನ್ನು ಅವರು ಜೊತೆಗೆ ಕರೆದರು. ನಿರ್ದೇಶಕರ ಅಪ್ಪಣೆ ಒಂದೇ: "ಜಾಗದ ಫೋಟೋ ನಾವು ತಗೋತೀವಿ. ನೀನು ಮುಖಗಳನ್ನು ತಾ. ಮೇಕಪ್ ಇಲ್ಲದ ಅಸಲಿ ಮುಖಗಳು!"

ಹೋದೆ. ದಾಂಡೇಲಿಯ ಕಾರ್ಖಾನೆ ಗೇಟಿನಲ್ಲಿ ಪಾಳಿ ಮುಗಿಸಿ ಬರುವವರು, ಹಳಿಯಾಳದ ಸಂತೆಯ ಹೆಂಗಸರು, ಜೋಯಿಡಾದ ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುವ ಗೌಳಿಗರು, ಮುಂಡಗೋಡದ ಟಿಬೆಟನ್ ಕ್ಯಾಂಪಿನ ಲಾಮಾಗಳು... ನಾಲ್ಕು ದಿನದಲ್ಲಿ ಮುನ್ನೂರರ ಹತ್ತಿರ ಮುಖ. ಕೊನೆಯ ದಿನ ಪಾಳಾ. ಪ್ರತಿಯೊಬ್ಬರಿಗೂ ಒಂದೇ ಡೈಲಾಗ್ ಒಪ್ಪಿಸಿದ್ದೆ: "ಫೋಟೋ ಕಳಿಸ್ತೀನಿ ರೀ!"

ಎಷ್ಟು ಕಳಿಸಿದೆ ಅಂತೀರಾ? ಒಂದೂ ಇಲ್ಲ. ವಿಳಾಸವನ್ನೇ ಬರೆದುಕೊಂಡಿರಲಿಲ್ಲ ಅಂದ ಮೇಲೆ ಕಳಿಸುವುದು ಎಲ್ಲಿಗೆ?

ನಗಬೇಡಿ. ಇದನ್ನು ಓದುತ್ತಿರುವ ನಿಮ್ಮ ಜೇಬಿನಲ್ಲೂ ಒಂದು ಕ್ಯಾಮೆರಾ ಇದೆ. ಗೆಳೆಯರ ಜೊತೆ ಬೈಕಿನಲ್ಲಿ ಹೋದಾಗ ದಾರಿ ಬದಿಯ ಅಜ್ಜಿಯನ್ನೋ ಕುರಿ ಕಾಯುವ ಹುಡುಗನನ್ನೋ ನೀವೂ ಹಿಡಿದಿರುತ್ತೀರಿ. ಆ ಅಜ್ಜಿಗೆ ಆ ಫೋಟೋ ಸಿಕ್ಕಿತೇ?

ಡೇರೆ ಸ್ಟುಡಿಯೋದ ನಿಯತ್ತು

ನಮ್ಮ ಕಡೆ ಜಾತ್ರೆಗಳಲ್ಲಿ ಒಂದು ಕಾಲಕ್ಕೆ ಫೋಟೋ ಡೇರೆಗಳಿರುತ್ತಿದ್ದವು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿ ಮಾರಿಕಾಂಬೆಯ ಜಾತ್ರೆಯಂಥ ದೊಡ್ಡ ಜಾತ್ರೆಗೆ ಹೋಗಿ ಬಂದ ಹಳಬರನ್ನು ಕೇಳಿ ನೋಡಿ. ಹಿಂದೆ ಬಣ್ಣ ಬಳಿದ ಪರದೆ: ತಾಜಮಹಲು, ವಿಮಾನ, ಅರ್ಧಚಂದ್ರ. ಪಕ್ಕದಲ್ಲಿ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ನೆಚ್ಚಿನ ನಾಯಕನಟ. ಅಣ್ಣಾವ್ರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ ಹುಡುಗ ಊರಿಗೆ ಬಂದು ವಾರವಿಡೀ ನೆಲದ ಮೇಲೆ ಕಾಲಿಡುತ್ತಿರಲಿಲ್ಲ!

ಆ ಡೇರೆಯ ಫೋಟೋಗ್ರಾಫರನೂ ಊರೂರು ಅಲೆಯುವವನೇ, ಎದುರಿಗೆ ನಿಂತವರು ಅವನಿಗೂ ಅಪರಿಚಿತರೇ. ಆದರೆ ಅಲ್ಲಿ ಲೆಕ್ಕ ಚುಕ್ತಾ ಆಗುತ್ತಿತ್ತು. ನಿಂತವನು ದುಡ್ಡು ಕೊಟ್ಟ, ಹೊಡೆದವನು ಫೋಟೋ ಕೊಟ್ಟ. ತಲೆ ಬಾಚಿಕೊಳ್ಳಲು ಕನ್ನಡಿ, ಹಣಿಗೆಯನ್ನೂ ಅವನೇ ಇಟ್ಟಿರುತ್ತಿದ್ದ. ಹೇಗೆ ಕಾಣಬೇಕು ಎಂದು ತೀರ್ಮಾನಿಸುವವನು ನಿಂತವನು, ಹೊಡೆಯುವವನಲ್ಲ.

ನಾವು ಈಗಿನವರು? ದುಡ್ಡು ಕೇಳುವುದಿಲ್ಲ, ದೊಡ್ಡ ಮನುಷ್ಯರು. ಬದಲಿಗೆ ಮುಖವನ್ನೇ ಎತ್ತಿಕೊಂಡು ಹೋಗುತ್ತೇವೆ. ಬಾಚಿದ ತಲೆ ನಮಗೆ ಬೇಡ, ಕೆದರಿದ ಕೂದಲೇ ಚೆಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತೇನೆಂದರೆ "ಬ್ಯಾಡ ಅಜ್ಜಾ, ಹಂಗs ಇರು" ಅನ್ನುತ್ತೇವೆ. ಅಂದಿದ್ದೇನೆ ನಾನೂ. ಪಾಳಾದ ಈ ಅಜ್ಜನಿಗೇ ಅಂದಿದ್ದೆ.

ಇಬ್ಬರು ಮೈಸೂರಿಗರು

ಕ್ಯಾಮೆರಾ ಹಿಡಿದವರೆಲ್ಲ ಹೀಗೇ ಅಂತ ತಿಳಿಯಬೇಡಿ. 1923ರಲ್ಲಿ ಮೈಸೂರು ನಮಗೆ ಇಬ್ಬರನ್ನು ಕೊಟ್ಟಿತು. ಒಬ್ಬರು ಟಿ.ಎಸ್. ಸತ್ಯನ್, ಇನ್ನೊಬ್ಬರು ವಿ.ಕೆ. ಮೂರ್ತಿ.

ಸತ್ಯನ್ ಪತ್ರಿಕಾ ಛಾಯಾಗ್ರಾಹಕರು. ಮಂತ್ರಿ ಮಹೋದಯರನ್ನು ತೆಗೆದಷ್ಟೇ ಶ್ರದ್ಧೆಯಿಂದ ಬೀದಿ ಬದಿಯ ಕೂಲಿಯವನನ್ನು, ಶಾಲೆಯ ಬೆಂಚಿನ ಮಕ್ಕಳನ್ನು ತೆಗೆದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದರು. 1977ರಲ್ಲಿ ಪದ್ಮಶ್ರೀ ಬಂತು. 1979 ಅಂತಾರಾಷ್ಟ್ರೀಯ ಮಕ್ಕಳ ವರ್ಷ. ಆಗ ಇವರು ತೆಗೆದ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲೇ ಪ್ರದರ್ಶನಕ್ಕಿಟ್ಟಿತು. 2009ರಲ್ಲಿ ತೀರಿಕೊಂಡರು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಆದರೆ ಯಾರೂ ದೀನರಾಗಿ ಕಾಣುವುದಿಲ್ಲ. ಎದುರಿಗಿರುವವರು ಕ್ಯಾಮೆರಾವನ್ನು ನೋಡುತ್ತಿಲ್ಲ, ಅದರ ಹಿಂದಿರುವ ಮನುಷ್ಯನನ್ನು ನೋಡುತ್ತಿದ್ದಾರೆ ಅನಿಸುತ್ತದೆ.

ಮೂರ್ತಿಯವರ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಗುರುದತ್ತರ ಬಲಗೈ ಆಗಿದ್ದ ಛಾಯಾಗ್ರಾಹಕ. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಹಾಡೊಂದರಲ್ಲಿ ಮೇಲಿನಿಂದ ಕತ್ತಿಯಂತೆ ಇಳಿಯುವ ಬೆಳಕಿನ ಕೋಲು ಇದೆಯಲ್ಲ, ಅದು ದೊಡ್ಡ ಲೈಟಿನದಲ್ಲ. ಹೊರಗಿನ ಬಿಸಿಲನ್ನೇ ಕನ್ನಡಿ ಹಿಡಿದು ಸ್ಟುಡಿಯೋದೊಳಕ್ಕೆ ತಂದದ್ದು! 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಇವರದಾಯಿತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ನಮ್ಮ ಮೈಸೂರಿನವರು. 1993ರ ಕನ್ನಡ ಚಿತ್ರ 'ಹೂವು ಹಣ್ಣು' ಕೂಡ ಇವರ ಕ್ಯಾಮೆರಾದ್ದೇ. 2014ರಲ್ಲಿ ಅಗಲಿದರು.

ಆ ಕನ್ನಡಿ ವಿದ್ಯೆ ನಮ್ಮಂಥ ಬಡ ಫೋಟೋಗ್ರಾಫರಿಗೆ ವರದಾನ. ಮಧ್ಯಾಹ್ನದ ಬಿಸಿಲಲ್ಲಿ ಯಾರನ್ನೂ ನಿಲ್ಲಿಸಬೇಡಿ. ಕಣ್ಣು ಗುಳಿ ಬೀಳುತ್ತದೆ, ಮೂಗಿನ ನೆರಳು ಮೀಸೆಯಾಗುತ್ತದೆ. ಪಡಸಾಲೆಯ ನೆರಳಿಗೆ ಕರೆಯಿರಿ, ಮುಖ ಅಂಗಳದ ಕಡೆಗಿರಲಿ. ಎದುರಿಗೆ ಒಂದು ಬಿಳಿ ಪಂಚೆ ಹಿಡಿಸಿ, ಇಲ್ಲವೇ ಕ್ಷೌರದಂಗಡಿಯ ಕನ್ನಡಿ ಕೇಳಿ ತಂದು ಬಿಸಿಲನ್ನು ಪಕ್ಕದ ಸುಣ್ಣದ ಗೋಡೆಗೆ ಬೀಳಿಸಿ. ಮುಖದ ಮೇಲೆ ಬೆಳಕು ಹಾಲಿನಂತೆ ಹರಿಯುತ್ತದೆ, ಕಣ್ಣಿನಲ್ಲಿ ಒಂದು ಚುಕ್ಕೆ ಹೊಳೆಯುತ್ತದೆ. ಮೊಬೈಲನ್ನು ಮೂಗಿನ ಹತ್ತಿರ ಒಯ್ಯಬೇಡಿ, ಮೂಗೇ ಬದನೆಕಾಯಿಯಾದೀತು. ಎರಡು ಹೆಜ್ಜೆ ಹಿಂದೆ ನಿಲ್ಲಿ.

ವಿದ್ಯೆ ಇಷ್ಟೇ. ಇದನ್ನು ಒಂದು ದಿನದಲ್ಲಿ ಕಲಿಯಬಹುದು. ಉಳಿದದ್ದಕ್ಕೆ ಕಾಲ ಹಿಡಿಯುತ್ತದೆ.

ಜಗತ್ತೇ ನೋಡಿತು, ಆಕೆ ನೋಡಲಿಲ್ಲ

1984. ಪಾಕಿಸ್ತಾನದ ಪೇಶಾವರದ ಹತ್ತಿರ ಅಫಘಾನಿಸ್ತಾನದ ನಿರಾಶ್ರಿತರ ಶಿಬಿರ. ಅಮೆರಿಕದ ಸ್ಟೀವ್ ಮೆಕರಿ ಎಂಬ ಛಾಯಾಗ್ರಾಹಕ ಅಲ್ಲಿನ ಶಾಲೆಯ ಡೇರೆಯಲ್ಲಿ ಒಬ್ಬ ಹುಡುಗಿಯ ಫೋಟೋ ತೆಗೆದ. ಹಸಿರು ಕಣ್ಣು, ತಲೆ ಮೇಲೆ ಕೆಂಪು ಸೆರಗು. 1985ರ ಜೂನ್ ತಿಂಗಳ 'ನ್ಯಾಷನಲ್ ಜಿಯಾಗ್ರಫಿಕ್' ಮುಖಪುಟದಲ್ಲಿ ಬಂತು. ಮುಂದೆ ಅದು ಪೋಸ್ಟರಾಯಿತು, ಪುಸ್ತಕವಾಯಿತು. ನಮ್ಮ ಸಲೂನುಗಳ ಗೋಡೆ ಮೇಲೂ ನೀವು ನೋಡಿರಬಹುದು.

ಆದರೆ ಆ ಹುಡುಗಿಯ ಹೆಸರನ್ನೇ ಆತ ಬರೆದುಕೊಂಡಿರಲಿಲ್ಲ! 2002ರಲ್ಲಿ ಹುಡುಕಿಕೊಂಡು ಹೋದಾಗ ಸಿಕ್ಕಳು. ಹೆಸರು ಶರಬತ್ ಗುಲಾ. ಮದುವೆಯಾಗಿ, ಮಕ್ಕಳಾಗಿ, ಮುಖ ಬಾಡಿತ್ತು. ಹದಿನೇಳು ವರ್ಷ ಜಗತ್ತೆಲ್ಲ ನೋಡಿದ ತನ್ನ ಚಿತ್ರವನ್ನು ಆಕೆ ನೋಡಿದ್ದು ಆಗಲೇ, ಮೊದಲ ಸಲ.

ಆ ಚಿತ್ರ ಲೋಕಪ್ರಸಿದ್ಧ, ನಿಜ. ಆದರೆ ಈಗ ಅದನ್ನು ನೋಡಿದಾಗಲೆಲ್ಲ ನನಗೆ ಪಾಳಾದ ಚಹಾದಂಗಡಿ ಕಟ್ಟೆ ನೆನಪಾಗುತ್ತದೆ.

"ನಾವು ಇಲ್ಲಿಯವರs ರೀ"

ನಮ್ಮ ಕಡೆಯದೇ ಇನ್ನೊಂದು ಮಾತು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾ ಸೀಮೆಯ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ಗೋವಾ ಕಡೆಯಿಂದ ಕಾಡು ಸೇರಿದವರ ವಂಶ ಅನ್ನುತ್ತಾರೆ. ನೂರಾರು ವರ್ಷದ ಮಾತು ಅದು. ಇಂದು ಅವರ ಬಾಯಲ್ಲಿ ಕನ್ನಡ, ಕೊಂಕಣಿ, ಮರಾಠಿ. ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯವರನ್ನು ನೀವು ತೆರೆಯ ಮೇಲೆ ನೋಡಿ ಚಪ್ಪಾಳೆ ಹೊಡೆದಿದ್ದೀರಿ. 2021ರ 'ಸಲಗ' ಚಿತ್ರದಲ್ಲಿ ಸಿದ್ದಿ ಕಲಾವಿದರ ಹಾಡಿಗೆ ಥಿಯೇಟರಿನಲ್ಲಿ ಎದ್ದು ಕುಣಿದಿದ್ದೀರಿ.

ಆದರೂ ಈ ಊರುಗಳಿಗೆ ಕ್ಯಾಮೆರಾ ಹಿಡಿದು ಬರುವವರ ಮೊದಲ ಪ್ರಶ್ನೆ ಏನು? "ನೀವು ಆಫ್ರಿಕಾದವರಾ?" ಹಳಿಯಾಳದ ಸಂತೆಯಲ್ಲಿ ನಾನೂ ಇಂಥದ್ದೇ ಒಂದು ಬೆಪ್ಪು ಮಾತಾಡಿದ್ದೆ. ನನ್ನದೇ ವಯಸ್ಸಿನ ಸಿದ್ದಿ ಹುಡುಗ ನಗುತ್ತಲೇ ಹೇಳಿದ: "ನಾವು ಇಲ್ಲಿಯವರs ರೀ. ನೀವು ಎಲ್ಲಿಯವರು?" ನಾನು ಪಿಟಕ್ಕೆನ್ನಲಿಲ್ಲ. ಅಲ್ಲಿ ನಿಜವಾದ ಪರಊರವನು ನಾನೇ ತಾನೇ?

ಮುಂಡಗೋಡದ ಟಿಬೆಟನ್ನರದೂ ಅದೇ ಕಥೆ. 1966ರಲ್ಲಿ ಅಲ್ಲಿ ಅವರ ವಸತಿ ಆರಂಭವಾಯಿತು. ಈಗ ಮೊಮ್ಮಕ್ಕಳ ಕಾಲ. ಗೊಂಪಾದ ಅಂಗಳದಲ್ಲಿ ಹುಡುಗ ಲಾಮಾಗಳು ಚಪ್ಪಾಳೆ ತಟ್ಟಿ ವಾದ ಮಾಡುತ್ತಿದ್ದರೆ ಸುತ್ತ ಮೊಬೈಲುಗಳ ಕೋಟೆ. ಅದು ಅವರ ಪಾಠ, ನಮಗೆ ಮಾತ್ರ ತಮಾಷೆ.

ತಾರೆಯರ ಮಾತು ಬೇರೆ. ಮುಖವೇ ಅವರ ಬಂಡವಾಳ. ಶಾಟ್ ಮುಗಿದ ಮೇಲೆ ಸ್ಟಿಲ್ ಫೋಟೋಗ್ರಾಫರ್ ಕೇಳಿದರೆ ಮತ್ತೆ ಅದೇ ಭಂಗಿಯಲ್ಲಿ ನಿಲ್ಲುತ್ತಾರೆ. ಅದು ಥಿಯೇಟರಿನ ಗಾಜಿನ ಪೆಟ್ಟಿಗೆಗೆ, ನಮ್ಮ ಪುಟಗಳಿಗೆ ಬರುತ್ತದೆ ಅಂತ ಅವರಿಗೆ ಗೊತ್ತು. ಬಸ್ ಸ್ಟ್ಯಾಂಡಿನ ಅಜ್ಜನಿಗೆ ತನ್ನ ಮುಖ ಎಲ್ಲಿಗೆ ಹೋಗುತ್ತದೆ ಅಂತ ಏನು ಗೊತ್ತು? ಅದನ್ನು ಹೇಳಬೇಕಾದವರು ನಾವು.

ಆಕಿ ಅದರಾಗ ಇದ್ಲು

ಇರಲಿ, ಮತ್ತೆ ಪಾಳಾಕ್ಕೆ ಬರೋಣ.

"ಯಜಮಾನ್ರ, ತಪ್ಪಾತ್ರಿ. ಊರಿಗೆ ಹೋದ ಕೂಡಲೇ ಕಳಿಸ್ತೀನಿ" ಅಂದೆ. ಅಜ್ಜ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನಂದು ಬ್ಯಾಡೋ ತಮ್ಮಾ. ಅವತ್ತು ಮನಿ ಮುಂದ ನಮ್ಮಾಕೀದೂ ಹೊಡದಿದ್ದಿ. ಆಕಿ ಹ್ವಾದ ದಸರಾದಾಗ ತೀರಿಕೊಂಡ್ಲು. ಆಕೀದು ಬ್ಯಾರೆ ಫೋಟಾ ಇಲ್ಲ."

"ಆಧಾರ್ ಕಾರ್ಡಿನಾಗ ಇರ್ಬೇಕಲ್ರೀ?" ಅಂದೆ, ಬುದ್ಧಿವಂತನ ಹಾಗೆ.

"ಐತಿ. ಆದ್ರ ಅದು ಆಕಿ ಹಂಗ ಇಲ್ಲ. ಅದರಾಗ ಅಂಜಿಕೊಂಡಾಳ."

ಆ ಮಾತಿಗೆ ನಾನು ಏನು ಹೇಳಲಿ? ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅಜ್ಜನ ಹೆಸರು, ಓಣಿ, ಪಕ್ಕದ ಮನೆ ಹುಡುಗನ ಮೊಬೈಲ್ ನಂಬರು, ಎಲ್ಲ ಬರೆದುಕೊಂಡು ಬಂದ ಬಸ್ಸಿಗೇ ಹತ್ತಿದೆ.

ಅವತ್ತು ರಾತ್ರಿ ಹಾರ್ಡ್ ಡಿಸ್ಕ್ ಬಿಚ್ಚಿ ಕೂತೆ. ಪಾಳಾ ಎಂಬ ಫೋಲ್ಡರಿನಲ್ಲಿ ಇಪ್ಪತ್ತೆಂಟು ಚಿತ್ರ. ಅಜ್ಜ ಇದ್ದ, ಅದ್ಭುತವಾಗಿದ್ದ. ಅಜ್ಜಿ ಇಲ್ಲ. ಮೆಲ್ಲಗೆ ನೆನಪಾಯಿತು. ಆಕೆಯ ಫೋಟೋ ತೆಗೆದಿದ್ದೆ, ಹೌದು. ಕ್ಲಿಕ್ ಮಾಡುವ ಹೊತ್ತಿಗೆ ನಗು ಬಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅರ್ಧ ಮುಖ ಮುಚ್ಚಿತ್ತು. ಅದೇ ರಾತ್ರಿ ಲಾಡ್ಜಿನಲ್ಲಿ ಕೂತು 'ಕೆಟ್ಟು ಹೋದವು' ಅಂತ ಅಳಿಸಿದ ಚಿತ್ರಗಳಲ್ಲಿ ಅದೂ ಒಂದು. ಆ ಕಾರ್ಡಿನ ಮೇಲೆ ಆಮೇಲೆ ಎಷ್ಟೋ ಮದುವೆಗಳು ಮುಗಿದಿವೆ. ವಾಪಸ್ಸು ಬರುವ ಮಾತೇ ಇಲ್ಲ.

ಉಳಿದದ್ದು ಒಂದೇ. ಅಜ್ಜ ಮನೆ ಮುಂದೆ ಕೂತ ಚಿತ್ರದಲ್ಲಿ, ಹಿಂದೆ, ಬಾಗಿಲಲ್ಲಿ ಒಂದು ಆಕೃತಿ. ಅಜ್ಜಿಯೇ! ಆದರೆ ನಾನು ಹಾಕಿದ್ದು 85 ಎಂ.ಎಂ. ಲೆನ್ಸು, ಕಣ್ಣು ಪೂರ್ತಿ ತೆರೆದದ್ದು. ಹಾಗೆ ತೆಗೆದರೆ ಮುಂದಿನ ಮುಖವೊಂದೇ ಖಡಕ್ಕು, ಹಿಂದಿನದೆಲ್ಲ ಬೆಣ್ಣೆಯಂತೆ ಕರಗುತ್ತದೆ. ನಿಮ್ಮ ಮೊಬೈಲಿನ 'ಪೋರ್ಟ್ರೇಟ್ ಮೋಡ್' ಮಾಡುವುದೂ ಇದನ್ನೇ. "ಬ್ಯಾಕ್‌ಗ್ರೌಂಡ್ ಬ್ಲರ್ ಸೂಪರ್ ಗುರೂ!" ಅಂತ ಬೆನ್ನು ತಟ್ಟಿಕೊಳ್ಳುತ್ತೇವಲ್ಲ, ಆ ಬ್ಲರಿನೊಳಗೆ ಒಬ್ಬ ಹೆಂಗಸು ನಿಂತಿದ್ದಳು. ಅಜ್ಜನ ಜೊತೆ ಒಂದು ಜನ್ಮ ಬಾಳಿದವಳು ನನಗೆ ಬರೀ ಬ್ಯಾಕ್‌ಗ್ರೌಂಡ್ ಆಗಿದ್ದಳು.

ಡೂಪ್ ಬೇಡ

ಹುಬ್ಬಳ್ಳಿಯ ಒಂದು ಲ್ಯಾಬಿಗೆ ಒಯ್ದೆ. ಕಂಪ್ಯೂಟರ್ ಮುಂದಿದ್ದ ಹುಡುಗ ಚುರುಕಿನವನು. "ಎಐ ಹಾಕಿದ್ರ ಮುಖ ಕ್ಲಿಯರ್ ಬರ್ತೈತಿ ಸರ್" ಅಂದವನೇ ಎರಡು ನಿಮಿಷದಲ್ಲಿ ತೋರಿಸಿದ. ಬಂತು! ಕಣ್ಣು, ಮೂಗು, ಹಣೆಯ ಕುಂಕುಮ, ಎಲ್ಲ ಸ್ಪಷ್ಟ. ಲಕ್ಷಣವಾದ ಮುಖ. ಆದರೆ ಯಾರದು ಅದು? ಯಂತ್ರಕ್ಕೆ ಆಕೆ ಗೊತ್ತಿಲ್ಲ. ಮಸುಕಿನ ಮೇಲೆ ತನಗೆ ತೋಚಿದ ಅಜ್ಜಿಯೊಬ್ಬಳನ್ನು ಬರೆದಿತ್ತು.

ಸಿನಿಮಾದಲ್ಲಿ ಹೀರೋ ಬೆಟ್ಟದಿಂದ ಹಾರುವಾಗ ಡೂಪ್ ಹಾಕುತ್ತಾರೆ. ನಮಗೆ ಗೊತ್ತಿದ್ದೂ ಸೀಟಿ ಹೊಡೆಯುತ್ತೇವೆ. ಆದರೆ ಅಜ್ಜನ ಹೆಂಡತಿಗೆ ಡೂಪ್ ಹಾಕುವುದೇ? "ಬ್ಯಾಡಪ್ಪಾ, ಇದ್ದಂಗs ಪ್ರಿಂಟ್ ಹಾಕು" ಅಂದೆ.

ಮುಂದಿನ ವಾರ ಮತ್ತೆ ಪಾಳಾ ಬಸ್ಸು. ದಾರಿಯುದ್ದಕ್ಕೂ ಎದೆ ಡವಡವ. ಈ ಮಸುಕು ಚಿತ್ರವನ್ನು ಹೇಗೆ ಕೊಡಲಿ? ಚೌಕಟ್ಟು ಹಾಕಿಸಿದ್ದು ಇನ್ನೂ ಹಾಸ್ಯಾಸ್ಪದವಾಗಿ ಕಂಡಿತು.

ಅಜ್ಜ ಮನೆಯಲ್ಲೇ ಇದ್ದ. ಚಿತ್ರವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ಮುಂದೆ ಠೀವಿಯಿಂದ ಕೂತ ತನ್ನನ್ನು ನೋಡಿಕೊಳ್ಳಲೇ ಇಲ್ಲ. ಬೆರಳು ನೇರವಾಗಿ ಬಾಗಿಲಿಗೆ ಹೋಯಿತು. ಬಹಳ ಹೊತ್ತು ಮಾತಿಲ್ಲ.

"ಅಜ್ಜಾ, ಮುಖ ಕಾಣೂದಿಲ್ರೀ... ನನ್ನ ತಪ್ಪು" ಅಂದೆ.

"ಮುಖ ಯಾಕ ಬೇಕೋ? ಬಾಗಲಾ ಹಿಡಕೊಂಡು ನಿಂತದ್ದು ನೋಡು. ಆಕೀನs. ನಾ ಹೊಲದಿಂದ ಬರೂ ಹೊತ್ತಿಗೆ ಹಿಂಗs ನಿಂದರ್ತಿದ್ಲು."

ಆಮೇಲೆ ಅಂಗಿಯ ಜೇಬಿಗೆ ಕೈ ಹಾಕಿ, "ಎಷ್ಟು ಕೊಡ್ಲಿ ಇದಕ್ಕ?" ಅಂದ. ಜಾತ್ರೆಯ ಡೇರೆಗೆ ಹೋಗಿ ಬಂದ ಮನುಷ್ಯ. ಲೆಕ್ಕ ಚುಕ್ತಾ ಮಾಡಬೇಕಲ್ಲ! ನಾನು ತಲೆ ಅಲ್ಲಾಡಿಸಿದೆ. "ಹಂಗಾರ ತಡಿ" ಎಂದು ಒಳಗೆ ಹೋದವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಬಂದ. "ಈಗ ಹೊಡಿ" ಅಂದ.

ಹೊಡೆದೆ. ಲೆನ್ಸಿನ ಕಣ್ಣನ್ನು ಸಣ್ಣದು ಮಾಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಹೊಡೆದೆ. ಅಜ್ಜ, ಕಟ್ಟೆ, ಬಾಗಿಲು, ಬಾಗಿಲ ಪಕ್ಕದ ಖಾಲಿ ಜಾಗ, ಎಲ್ಲವೂ ಸ್ಪಷ್ಟವಾಗಿ ಬರುವ ಹಾಗೆ.

ಆ ಚಿತ್ರವೂ ಈಗ ಪಾಳಾ ತಲುಪಿದೆ. ಈ ಪುಟದಲ್ಲಿ ಅಚ್ಚಾಗಿಲ್ಲ. ಅಜ್ಜನನ್ನು ಕೇಳಿದ್ದೆ. "ಪೇಪರಿನಾಗ ಬ್ಯಾಡೋ, ಮನ್ಯಾಗ ಇರ್ಲಿ" ಅಂದ.

ಈಗ ನನ್ನ ಕ್ಯಾಮೆರಾ ಬ್ಯಾಗಿನಲ್ಲಿ ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಇದೆ. ಮೊದಲು ಹೆಸರು, ಆಮೇಲೆ ಕ್ಲಿಕ್ಕು. ಹಳೆಯ ಮುನ್ನೂರರಲ್ಲಿ ಹನ್ನೊಂದು ಮುಖಗಳಿಗೆ ಇಲ್ಲಿವರೆಗೆ ವಿಳಾಸ ಸಿಕ್ಕಿದೆ. ಹನ್ನೊಂದು ಪ್ರಿಂಟ್ ಮನೆ ಮುಟ್ಟಿವೆ. ಉಳಿದವರನ್ನು ಹುಡುಕುತ್ತಾ ಮುಂದಿನ ತಿಂಗಳು ಮತ್ತೆ ಹಳಿಯಾಳದ ಸಂತೆಗೆ ಹೊರಟಿದ್ದೇನೆ. ಆ ಸಿದ್ದಿ ಹುಡುಗ ಸಿಕ್ಕರೆ ಮೊದಲು ಕ್ಷಮೆ, ಆಮೇಲೆ ಫೋಟೋ.

ನಿಮ್ಮ ಮೊಬೈಲಿನಲ್ಲೂ ಯಾರೋ ಒಬ್ಬರು ಕಾಯುತ್ತಾ ಕೂತಿದ್ದಾರೆ. ಇವತ್ತೇ ಒಮ್ಮೆ ತೆರೆದು ನೋಡಿ. ಏನಂತೀರಿ?